ಯುಗಾಂಡಾದಲ್ಲಿ ನಮ್ಮ ಬೀಗರು

ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಮೊದಲೇ ಯುಗಾಂಡಾಕ್ಕೆ ಹೋಗಿದ್ದಳು. ಅಳಿಯ ಅಲ್ಲಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಮೊಮ್ಮಗಳನ್ನು ನೋಡಲು ಇಂಡಿ ಊರಿನಿಂದ ನಾನು, ಆಲಮೇಲದಿಂದ ಅಳಿಯನ ತಂದೆ, ಇಬ್ಬರೂ ಕೂಡಿ ಹೊರಟೆವು. ನಮ್ಮ ಬೀಗರಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಏನೂ ಇಲ್ಲ. ಹೆಣ್ಣು ಕೊಟ್ಟವನು ನಾನು, ಹೂಂಗುಟ್ಟಬೇಕು.

ಹಳದಿ ಜ್ವರದ ಲಸಿಕೆಯನ್ನು ಅವರು ಗೊಣಗುತ್ತಲೇ ಹಾಕಿಸಿಕೊಂಡರು. ಇಲ್ಲದಿದ್ದರೆ ಆ ದೇಶದೊಳಗೆ ಬಿಡುವುದಿಲ್ಲ. ಆದರೆ ಮಲೇರಿಯಾ ಬಾರದಂತೆ ದಿನಾ ನುಂಗುವ ಗುಳಿಗೆಯನ್ನು ಯಾರೂ ಬಾಗಿಲಲ್ಲಿ ನಿಂತು ಕೇಳುವುದಿಲ್ಲವಲ್ಲ! ಅಲ್ಲಿರುವಷ್ಟು ದಿನ, ಊರಿಗೆ ಬಂದ ಮೇಲೂ ಕೆಲವು ವಾರ ತಪ್ಪದೆ ನುಂಗಬೇಕೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ವಿಮಾನದಲ್ಲಿ ನಾನು ಗುಳಿಗೆ ತೆಗೆದದ್ದೇ ಬೀಗರು ನಕ್ಕರು.

"ಮಾಸ್ತರ್ರ, ನಾವು ಭೀಮಾ ಹೊಳಿ ನೀರು ಕುಡದ ಮಂದಿ. ಕಬ್ಬಿನ ಹೊಲದಾಗ ಗುಂಗಾಡ ಕಡಸ್ಕೊಂತನ ಬೆಳದೇವಿ. ನಮಗೇನಾಕ್ಕೈತಿ?"

"ಅಲ್ಲಿ ಮಲೇರಿಯಾ ಭಾಳ ಕೆಟ್ಟದಂತ್ರಿ."

"ಗುಂಗಾಡ ಅಂದ್ರ ಗುಂಗಾಡ. ಅದಕ್ಕೂ ಪಾಸ್‌ಪೋರ್ಟ್ ಇರ್ತೈತೇನ್ರಿ?"

ಅಲ್ಲಿ ಅವರು ಹೆದರುತ್ತಿದ್ದುದು ಸೊಳ್ಳೆಗಲ್ಲ, ಮನುಷ್ಯರಿಗೆ. ಮನೆಗೆಲಸಕ್ಕೆ ಬರುತ್ತಿದ್ದ ಆ ಊರಿನ ಹೆಣ್ಣುಮಗಳು ನೀರು ಕೊಟ್ಟರೆ ಲೋಟವನ್ನು ಪಂಚೆಯಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದರು. ಸಂಜೆಯಾದರೆ ಮಾತ್ರ ಬರಿಮೈಯಲ್ಲಿ ಪಡಸಾಲೆಯಲ್ಲಿ ಕುಳಿತು ಸೊಳ್ಳೆಗಳಿಗೆ ಔತಣ. ಹಾಸಿಗೆಗೆ ಕಟ್ಟಿದ್ದ ಸೊಳ್ಳೆಪರದೆ ಉಸಿರು ಕಟ್ಟಿಸುತ್ತದೆಂದು ಅದನ್ನೂ ಬಿಚ್ಚಿ ಎಸೆದರು. ಒಂದು ಸಂಜೆ ಕೂಸು ಮಲಗಿದ್ದ ಕೋಣೆಯ ಜಾಲರಿ ಬಾಗಿಲನ್ನೇ ತೆರೆದಿಟ್ಟರು.

ಮಗಳು ಎದ್ದು ಬಂದಳು. "ಮಾವಾರ, ಬಾಗ್ಲಾ ತಗೀಬ್ಯಾಡ್ರಿ. ಕೂಸೈತಿ."

"ಗಾಳಿ ಬರ್ಲಿ ಬಿಡವಾ."

"ಗಾಳಿ ಬೇಕಂದ್ರ ನೀವು ಹೊರಗ ಕುಂದರ್ರಿ," ಎಂದು ಅವಳು ಬಾಗಿಲು ಹಾಕಿ ಚಿಲಕ ಜಡಿದಳು. ನಾನು ಮುಖ ತಿರುಗಿಸಿಕೊಂಡು ನಕ್ಕೆ.

ಊರಿಗೆ ಬಂದ ಕೆಲವೇ ದಿನಗಳಲ್ಲಿ ಬೀಗರಿಗೆ ಚಳಿಜ್ವರ ಹತ್ತಿತು. ಸಿಂದಗಿಯ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರೂ ಇಳಿಯಲಿಲ್ಲ. ಅವರ ಕಿರಿಯ ಮಗ ಫೋನ್ ಮಾಡಿದ.

"ಯುಗಾಂಡಾಕ್ಕ ಹೋಗಿದ್ದು ಡಾಕ್ಟರಿಗೆ ಹೇಳೀಯೇನಪಾ?" ಎಂದೆ.

"ಇಲ್ರಿ ಮಾಮಾ. ಮಂದಿ ಇಲ್ಲದ ರೋಗ ಹಚ್ಚತಾರ, ಹೇಳಬ್ಯಾಡ ಅಂದಾರ ಅಪ್ಪಾರು."

ಎಂಥ ಮೂರ್ಖತನ! ಸಿಕ್ಕ ಬಸ್ಸು ಹತ್ತಿ ಹೋಗಿ ಬೀಗರ ಎದುರಿಗೇ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಸಿಕ್ಕಿತು, ಅದೂ ತಲೆಗೇರುವ ಜಾತಿಯದು. ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಒಯ್ದರು. ಕಣ್ಣು ಹಳದಿಯಾಗಿ ಏನೇನೋ ಬಡಬಡಿಸುತ್ತಿದ್ದರು. ಮಗಳು ಫೋನಿನಲ್ಲಿ ಅಳುತ್ತಿದ್ದಳು. ನಾನು ಮರುಗಿದ್ದು ಅವಳಿಗಾಗಿ, ಅವರಿಗಾಗಿ ಅಲ್ಲ.

ಬದುಕಿಕೊಂಡರು. ಮನೆಗೆ ಮಾತಾಡಿಸಲು ಬಂದವರ ಮುಂದೆ ಲೋಡಿಗೆ ಒರಗಿ ಹೇಳತೊಡಗಿದರು: "ಆ ಲಸಿಕಿನ ನಂಗ ನಂಜಾತು ನೋಡ್ರಿ." ನಾನು ನೋಡಲು ಹೋದ ದಿನ ಮುದ್ದೇಬಿಹಾಳದ ನೆಂಟನೊಬ್ಬ ಬಂದಿದ್ದ. ಅವನಿಗೂ ಆ ದೇಶದಲ್ಲೇ ಕೆಲಸ ಸಿಕ್ಕಿತ್ತು. ಆರೋಗ್ಯ ಹೇಗೆ ಕಾಯ್ದುಕೊಳ್ಳಬೇಕೆಂದು ಇವರನ್ನೇ ಕೇಳಿದ!

"ಗುಳಗಿ ಪಳಗಿ ಏನೂ ಬ್ಯಾಡ. ಆ ಮಂದಿ ಮುಟ್ಟಿದ್ದು ತಿನ್ನಬ್ಯಾಡ, ಅಷ್ಟ," ಎಂದರು ಬೀಗರು.

ನನ್ನ ಹೂಂಗುಟ್ಟುವಿಕೆ ಅಲ್ಲಿಗೆ ಮುಗಿಯಿತು. "ಇವರ ಮಾತು ಕೇಳಬ್ಯಾಡಪಾ," ಎಂದೆ, ಎಲ್ಲರಿಗೂ ಕೇಳುವಂತೆ. "ಗುಳಗಿ ನುಂಗಿದ ನಾನು ನೆಟ್ಟಗದೇನಿ. ನುಂಗಲಾರದವರು ಇಲ್ಲಿ ಮಲಗ್ಯಾರ. ಲಸಿಕಿ ಹಾಕಿಸ್ಕೋ, ಗುಳಗಿ ತಪ್ಪಸಬ್ಯಾಡ, ಪರದಿಯೊಳಗ ಮಲಗು. ಬಂದ ಮ್ಯಾಲೆ ಜ್ವರ ಬಂದ್ರ ಎಲ್ಲಿಗೆ ಹೋಗಿದ್ದೆಂತ ಡಾಕ್ಟರಿಗೆ ಮೊದಲ ಹೇಳು."

ಚಹಾ ಬರುವುದರೊಳಗೆ ಎದ್ದು ಬಂದೆ. ಅಂದಿನಿಂದ ಬೀಗರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಕ್ಷಮೆ ಕೇಳಿ ಸರಿಮಾಡಿಕೊಳ್ಳಿರೆಂದು ಹೆಂಡತಿ ಹೇಳುತ್ತಿರುತ್ತಾಳೆ. ನನಗಂತೂ ಇಷ್ಟು ವರ್ಷಗಳಲ್ಲಿ ಅವರಿಂದ ಸಿಕ್ಕ ಸುಖ ಇದೊಂದೇ.