ಡಾಂಬರು ಹತ್ತಿದ ದಬ್ಬಣ

ಹೋದ ವಾರ ನನ್ನ ಹೊಲಿಗೆ ಯಂತ್ರ ಮತ್ತೆ ಮೊಂಡು ಹಿಡಿಯಿತು. ರಿಪೇರಿಯವನು ಬಂದು ಅದರ ಬಲಗಡೆಯ ಖಾನೆಯನ್ನು ಪೂರ್ತಿ ಹೊರಗೆಳೆದು ಚಾಪೆಯ ಮೇಲೆ ಬೋರಲು ಹಾಕಿದ. ಗುಂಡಿ, ಹುಕ್ಕು, ಸವೆದ ಸೀಮೆಸುಣ್ಣದ ನಡುವೆ ಒಂದು ದಬ್ಬಣ ಬಿತ್ತು. ಗೋಣಿಚೀಲ ಹೊಲಿಯುವ ಉದ್ದನೆಯ ಸೂಜಿ. ಅದರ ಕಣ್ಣಿನ ಸುತ್ತ ಡಾಂಬರು ಕಪ್ಪಗೆ ಗಟ್ಟಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ನಲವತ್ತು ವರ್ಷ ದಾಟಿದರೂ ವಾಸನೆ ಹೋಗಿರಲಿಲ್ಲ, ಅಥವಾ ಹೋಗಿಲ್ಲವೆಂದು ನನಗೆ ಅನ್ನಿಸಿತು...

"ಇದರ ಕಣ್ಣ ಮುಚ್ಚೈತ್ರಿ ಅಜ್ಜಿ. ಕೆರದು ಸ್ವಚ್ಛ ಮಾಡಿ ಕೊಡ್ಲೇನ್ರಿ?" ಎಂದ ಅವನು.

ದಬ್ಬಣವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ನನಗೆ ಫಿಟ್ಟರ್ ಕಾಕಾ ನೆನಪಾಗಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಧಾರವಾಡದಿಂದ ದಾಂಡೇಲಿಗೆ ಬಂದಿದ್ದೆ. ನಮ್ಮವರು ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತರು. ನಮ್ಮದು ಎಂಟು ಮನೆಯ ಚಾಳು. ಪಕ್ಕದ ಮನೆಯಲ್ಲಿ ಅದೇ ಕಾರ್ಖಾನೆಯ ಯಂತ್ರ ಜೋಡಿಸುವ ಫಿಟ್ಟರ್ ಕಾಕಾ ಮತ್ತು ಅವರ ಹೆಂಡತಿ ಇದ್ದರು. ಹೆಂಡತಿಯನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಕಾಕಾ ಧಾರವಾಡ ಕಡೆಯ ಹಳ್ಳಿಯವರು, ಮೀನು ಮಾಂಸ ಮುಟ್ಟದ ಮನೆತನ. ಕಾಕು ಕಾರವಾರದ ಮೀನುಗಾರರ ಮಗಳು. ಈ ಜೋಡಿ ಹೇಗೆ ಕೂಡಿತು ಎಂದು ಚಾಳಿನ ಹೆಂಗಸರೆಲ್ಲ ಕೇಳಿ ಸಾಕಾಗಿದ್ದರು. ಕಾಕು ನಗುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಕಾಕಾನಿಗೆ ಒಂದು ಹುಚ್ಚಿತ್ತು. ಪ್ರತಿ ರವಿವಾರ ದಾಂಡೇಲಿ ಹತ್ತಿರದ ಮೌಳಂಗಿಯ ದಂಡೆಗೆ ಹೋಗಿ ಕಾಳಿ ನದಿಯಲ್ಲಿ ಗಾಳ ಹಾಕುವುದು. ಹಿಡಿದ ಮೀನನ್ನು ತಾವು ತಿನ್ನುವವರಲ್ಲ, ಚಾಳಿಗೆ ಹಂಚುವವರು. ಜೋಳದ ಹಿಟ್ಟಿಗೆ ಇಂಗು ಹಾಕಿ ಕಾಕು ಉಂಡೆ ಕಟ್ಟಿ ಕೊಡುತ್ತಿದ್ದರು, ಹೊಳೆಯ ಮೀನುಗಳು ಅದಕ್ಕೆ ಮುಗಿಬೀಳುತ್ತಿದ್ದವು. ಆದರೆ ಕಾಕು ಮಾತ್ರ ಆ ಮೀನನ್ನು ಒಂದು ದಿನವೂ ಬಾಯಿಗೆ ಇಟ್ಟವರಲ್ಲ. ಕೇಳಿದರೆ "ಹೊಳಿ ಮೀನ ಸಪ್ಪಗ" ಎನ್ನುತ್ತಿದ್ದರು.

ನಿಜ ಸಂಗತಿ ಗೊತ್ತಾದದ್ದು ಕಾಕಾ ನನ್ನ ಬಾಗಿಲಿಗೆ ಒಂದು ಹಳೆಯ ತಾಡಪತ್ರಿ ಹೊತ್ತುಕೊಂಡು ಬಂದ ದಿನ. ಲಾರಿಯ ಸಾಮಾನು ಮುಚ್ಚುವ ಆ ದಪ್ಪ ಬಟ್ಟೆ ನಡುಮನೆಯನ್ನೆಲ್ಲ ತುಂಬಿತು.

"ಏ ಮಗಳ, ಇದಕ್ಕ ಹೊಲಿಗಿ ಹಾಕಬೇಕಲ್ಲ" ಎಂದರು.

"ಏನ್ ಹೊಲೀಬೇಕ್ರಿ ಕಾಕಾ, ಆನಿಗೆ ಉಡಸಾಕ ಪರಕರ ಏನ್ರಿ?"

"ದೋಣಿ."

ನಾನು ನಕ್ಕೆ. ಅವರು ನಗಲಿಲ್ಲ. ಗೋಡೆಗೆ ಒರಗಿ ಕುಳಿತು ಎಲ್ಲ ಹೇಳಿದರು. ಮದುವೆಯಾದ ಹೊಸದರಲ್ಲಿ ಮಾವ ಅವರನ್ನು ಸಮುದ್ರಕ್ಕೆ ಕರೆದೊಯ್ದಿದ್ದರಂತೆ. ದಂಡೆ ಬಿಟ್ಟು ಹತ್ತು ನಿಮಿಷಕ್ಕೆ ಕಾಕಾ ವಾಂತಿ ಮಾಡಿಕೊಂಡರು. ಊಟಕ್ಕೆ ಕುಳಿತಾಗ ಮೀನನ್ನೂ ಒಲ್ಲೆ ಎಂದರು. ಮಾವ ಹತ್ತು ಜನರ ಎದುರಿಗೆ, ಕಪ್ಪೆಯಾದರೂ ನೀರಿಗೆ ಇಳಿಯುತ್ತದೆ, ನನ್ನ ಅಳಿಯ ಅದಕ್ಕೂ ಕಡೆ ಎಂದರು. ಎಲ್ಲರೂ ನಕ್ಕರು. ಆಗ ಕಾಕು ಎಲೆ ಬಿಟ್ಟು ಎದ್ದು, ನನ್ನ ಗಂಡ ಸಮುದ್ರದ ಮೀನು ಹಿಡಿದು ತಂದ ದಿನ ಈ ಮನೆಯಲ್ಲಿ ಕೂತು ಉಣ್ಣುತ್ತೇನೆ, ಅಲ್ಲಿಯವರೆಗೆ ಹೊಸ್ತಿಲು ತುಳಿಯುವುದಿಲ್ಲ, ಬೇರೆ ಮೀನನ್ನೂ ತಿನ್ನುವುದಿಲ್ಲ ಎಂದುಬಿಟ್ಟರಂತೆ.

"ಸಿಟ್ಟಿನ್ಯಾಗ ಅಂದ ಮಾತು. ಆಕಿಗೂ ಗೊತ್ತು, ನನಗೂ ಗೊತ್ತು. ಆದ್ರ ಎಂಟು ವರ್ಷ ಆತು ಮಗಳ. ಆಕಿ ತವರಿಗೆ ಹೋಗಿಲ್ಲ" ಎಂದರು ಕಾಕಾ.

ನನ್ನ ನಗು ಅಲ್ಲೇ ನಿಂತಿತು. ನಾನಾದರೋ ತಿಂಗಳಿಗೊಮ್ಮೆ ಧಾರವಾಡದ ಬಸ್ಸು ಹತ್ತುತ್ತಿದ್ದವಳು.

ಆಮೇಲಿನ ಎರಡು ತಿಂಗಳು ನಮ್ಮ ಅಂಗಳ ಅಂಗಳವಾಗಿ ಉಳಿಯಲಿಲ್ಲ. ಕಾರ್ಖಾನೆಗೆ ಬಿದಿರು ಇಳಿಸಲು ಬರುತ್ತಿದ್ದ ಸಾಂಬ್ರಾಣಿ ಊರಿನ ಕಡೆಯ, ಸಿದ್ದಿ ಜನಾಂಗದ ಗೆಳೆಯರೊಬ್ಬರು, ಬಿದಿರನ್ನು ಸೀಳುವ ಮೊದಲು ಕೆಲವು ದಿನ ನೀರಿನಲ್ಲಿ ಮುಳುಗಿಸಿ ಇಡಬೇಕು, ಆಗ ಹುಳ ಹಿಡಿಯುವುದಿಲ್ಲ ಎಂದು ಹೇಳಿಕೊಟ್ಟರು. ಆ ಸೀಳುಗಳನ್ನು ಬಗ್ಗಿಸಿ, ತಂತಿಯಿಂದ ಬಿಗಿದು, ಕಾಕಾ ಒಂದು ಪಂಜರ ಕಟ್ಟಿದರು. ಎರಡು ಆಳು ಉದ್ದ, ಒಳಗೆ ಒಬ್ಬ ಮನುಷ್ಯ ಕಾಲು ಚಾಚಿ ಕೂರುವಷ್ಟು ಜಾಗ, ಎರಡೂ ತುದಿ ಚೂಪು. ನೋಡಿದವರು ಇದು ದೋಣಿಯೋ ಹಾಗಲಕಾಯಿಯೋ ಎಂದು ಕೇಳಿದರು.

ತಾಡಪತ್ರಿ ಹೊಲಿಯಲು ಹೋಗಿ ಮೊದಲ ದಿನವೇ ನನ್ನ ಯಂತ್ರದ ಮೂರು ಸೂಜಿ ಮುರಿದವು. ನಮ್ಮವರು ಬಾಯಿಗೆ ಬಂದದ್ದು ಅಂದರು. ನಾನೂ ಹಟಮಾರಿ. ಸಂತೆಯಿಂದ ದಬ್ಬಣ ತರಿಸಿ, ದಾರಕ್ಕೆ ಮೇಣ ಸವರಿ, ಅಂಚಿಗೆ ಅಂಚು ಮಡಚಿ ಕೈಯಲ್ಲೇ ಹೊಲಿದೆ. ಒಂದು ಹೊಲಿಗೆಯ ಮೇಲೆ ಮತ್ತೊಂದು. ಕಾಕಾ ಹಿಂದಿನಿಂದ ಬಿಸಿ ಡಾಂಬರು ಹಚ್ಚುತ್ತ ಬರುತ್ತಿದ್ದರು. ನನ್ನ ಬೆರಳು, ಸೀರೆ, ಕಡೆಗೆ ನಮ್ಮ ಮನೆಯ ಸಾರು ಕೂಡ ಡಾಂಬರು ನಾರುತ್ತಿತ್ತು.

ಉಳಿದ ಸಾಮಾನೆಲ್ಲ ಫಿಟ್ಟರ್ ತಲೆಯಿಂದ ಹುಟ್ಟಿದ್ದು. ಒಂದು ಬಿದಿರಿನ ಎರಡೂ ತುದಿಗೆ ಪೆಟ್ಟಿಗೆಯ ಹಲಗೆ ಬಡಿದು ಹುಟ್ಟು ಮಾಡಿದರು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ತಳ್ಳಲು. ಗಾಳದ ಕೋಲು ಸಿಕ್ಕಿಸಲು ಸೈಕಲ್ ಪಂಪಿನ ಕೊಳವೆ. ದಾರಕ್ಕೆ ಭಾರ ಬೇಕಾದರೆ ಹಳೆಯ ನಟ್ಟು. ನೀರು ಮೊಗೆಯಲು ಎಣ್ಣೆ ಡಬ್ಬಿ. ಕೂರಲು ಹಳೆಯ ಕಂಬಳಿಯ ತುಂಡು. ಮೌಳಂಗಿಯಲ್ಲಿ ಮೊದಲ ಸಲ ನೀರಿಗಿಳಿಸಿದ ದಿನ ನಾನು ದಂಡೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಕಾಕಾ ನಡುನೀರಿನವರೆಗೆ ಹೋಗಿ, ತಳವನ್ನೆಲ್ಲ ಕೈಯಿಂದ ತಡವಿ, "ಒಂದ ಹನಿ ಇಲ್ಲ ಮಗಳ" ಎಂದು ಕೂಗಿದರು. ನನಗೆ ಮೆಟ್ರಿಕ್ ಪಾಸಾದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ.

ದೀಪಾವಳಿ ರಜೆಯಲ್ಲಿ ಹೊರಟೆವು. ಕಾಕಾ, ಕಾಕು, ನಮ್ಮವರು, ನಾನು. ಹೊಲಿಗೆ ಬಿಟ್ಟರೆ ಹಾಕಲು ಒಬ್ಬರು ಬೇಕಲ್ಲ ಎಂಬ ನೆಪದಲ್ಲಿ ನಾನು ಸೇರಿಕೊಂಡಿದ್ದೆ. ದೋಣಿಯನ್ನು ಬಸ್ಸಿನ ಮೇಲೆ ಕಟ್ಟಿಸಿದಾಗ ಕಂಡಕ್ಟರ್ ತಲೆ ಕೆರೆದುಕೊಂಡ. "ಘಟ್ಟದಾಗ ಬಸ್ ಕೆಟ್ರ ಎಲ್ಲಾರೂ ಇದರಾಗ ಹೋಗೂಣೇನ್ರಿ?" ಎಂದ. ಜೋಯಿಡಾ ದಾಟಿ ಘಟ್ಟ ಇಳಿಯುವಾಗ ಬಸ್ಸೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿತ್ತು. ಕಾಕು ಮಾತ್ರ ಕಿಟಕಿಗೆ ಮುಖ ಕೊಟ್ಟು ಕುಳಿತಿದ್ದರು. ಗಾಳಿಯಲ್ಲಿ ಉಪ್ಪಿನ ವಾಸನೆ ಬಂದಾಗ ನನ್ನ ಕೈ ಹಿಡಿದುಕೊಂಡರು, ಇಳಿಯುವವರೆಗೂ ಬಿಡಲಿಲ್ಲ.

ಮಾವನ ಮನೆ ದಾಂಡೇಲಿಯಿಂದ ಹರಿದು ಬಂದ ಅದೇ ಕಾಳಿ ನದಿಯ ದಂಡೆಯಲ್ಲೇ ಇತ್ತು, ನದಿ ಸಮುದ್ರ ಸೇರುವ ಜಾಗಕ್ಕಿಂತ ಅರ್ಧ ಮೈಲಿ ಒಳಗೆ. ಮೀನು ಹಿಡಿಯುವ ಮುಂಚೆ ಮಾವನ ಕಣ್ಣಿಗೆ ಬೀಳಬಾರದೆಂದು ಕಾಕಾ ನಮ್ಮನ್ನು ಸಮುದ್ರದ ಕಡೆ, ನದಿಯ ಬಾಯಿಯಲ್ಲೇ ಇದ್ದ ದಂಡೆಗೆ ಕರೆದೊಯ್ದರು. ಅಗಲವಾದ ಮರಳು, ದೂರದಲ್ಲಿ ನೀರು. ದೋಣಿಯನ್ನು ನೀರಿನ ಅಂಚಿಗೆ ಇಟ್ಟು, ಗಾಳ, ಹಿಟ್ಟಿನ ಡಬ್ಬಿ, ಹುಟ್ಟು ಎಲ್ಲ ಅದರೊಳಗೆ ಜೋಡಿಸಿ, ಮೊದಲು ರೊಟ್ಟಿ ತಿನ್ನೋಣ ಎಂದರು.

"ಮ್ಯಾಲ ಎಳದ ಕಟ್ರಿ" ಎಂದರು ಕಾಕು.

"ಕಟ್ಟೂದು ಯಾಕ? ಮರಳಿನ ಮ್ಯಾಲ ಇಟ್ಟ ದೋಣಿ ಎಲ್ಲಿಗೆ ಹೋಗ್ತೈತಿ" ಎಂದರು ಕಾಕಾ. ಮೌಳಂಗಿಯಲ್ಲಿ ಹಾಗೇ ಇಡುತ್ತಿದ್ದರು. ಸಂಜೆ ಬಂದರೂ ಇಟ್ಟಲ್ಲೇ ಇರುತ್ತಿತ್ತು.

ಸುರಗಿ ಮರದ ನೆರಳಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ನಮ್ಮವರು ಒಂದು ನಿದ್ದೆಯನ್ನೂ ತೆಗೆದು ಬಂದು ನೋಡಿದರೆ, ದೋಣಿ ಇರಲಿಲ್ಲ. ದೋಣಿ ಇಟ್ಟ ಮರಳೇ ಇರಲಿಲ್ಲ. ಎಲ್ಲ ನೀರು.

ಕಾಕಾ ಧೋತರ ಎತ್ತಿ ಕಟ್ಟಿ ಸಮುದ್ರದ ಕಡೆಗೆ ಓಟ ಕಿತ್ತರು. ನಮ್ಮವರು ಅವರ ಹಿಂದೆ, ನಾನು ಅವರಿಬ್ಬರ ಹಿಂದೆ. ನದಿಗೆ ಬಿದ್ದ ವಸ್ತು ನೀರಿನ ಜೊತೆ ಕೆಳಗೆ ಹೋಗುತ್ತದೆ, ಕೆಳಗೆ ಇರುವುದು ಸಮುದ್ರ. ಬಯಲುಸೀಮೆಯ ಮೂರು ತಲೆಗೂ ಹೊಳೆದದ್ದು ಅಷ್ಟೇ. ಕಾಕಾ ಎದೆಮಟ್ಟ ನೀರಿಗಿಳಿದು ಅಲೆಗಳಲ್ಲಿ ಹುಡುಕುತ್ತಿದ್ದರು. ನಾನು ಅಳುತ್ತಿದ್ದೆ. ಎರಡು ತಿಂಗಳ ಹೊಲಿಗೆ ಹೋಯಿತೆಂದಲ್ಲ, ಎಂಟು ವರ್ಷ ಕಾದ ಮೇಲೆ ಹೀಗಾಯಿತಲ್ಲ ಎಂದು.

ಹಿಂದೆ ತಿರುಗಿ ನೋಡಿದರೆ ಕಾಕು ದಂಡೆಯಲ್ಲಿ ಕುಕ್ಕರಿಸಿ ಕುಳಿತಿದ್ದರು. ಅವರೂ ಅಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾತು ಹೊರಡದೆ ಕೈಯನ್ನಷ್ಟೇ ಚಾಚಿದರು, ಸಮುದ್ರಕ್ಕೆ ಬೆನ್ನು ಮಾಡಿ, ಘಟ್ಟದ ಕಡೆಗೆ.

ದೂರದಲ್ಲಿ, ನದಿಯ ನಟ್ಟನಡುವೆ, ನಮ್ಮ ಕರಿಯ ದೋಣಿ ಗಾಳದ ಕೋಲು ನೆಟ್ಟಗೆ ನಿಲ್ಲಿಸಿಕೊಂಡು ಗಂಭೀರವಾಗಿ ಮೇಲಕ್ಕೆ ಹೋಗುತ್ತಿತ್ತು.

"ಭರತಿ ಬಂದೈತಿ" ಎಂದರು ಕಾಕು, ಕಣ್ಣು ಒರೆಸಿಕೊಳ್ಳುತ್ತ. "ಸಮುದ್ರ ಏರೂ ಹೊತ್ತಿಗೆ ಇಲ್ಲಿ ಹೊಳಿ ಹಿಂದಕ್ಕ ಹರೀತೈತಿ. ನೋಡ್ರಿ, ದಾಂಡೇಲಿಗೆ ಹೊಂಟೈತಿ."

ನದಿ ಹಿಂದಕ್ಕೆ ಹರಿಯುತ್ತದೆ ಎಂದು ನಮಗೆ ಯಾವ ಶಾಲೆಯಲ್ಲೂ ಹೇಳಿರಲಿಲ್ಲ.

ದಂಡೆಗುಂಟ ಓಡಿದೆವು. ದೋಣಿ ದಾಂಡೇಲಿವರೆಗೆ ಹೋಗುವ ತೊಂದರೆ ತೆಗೆದುಕೊಳ್ಳಲಿಲ್ಲ. ತಿರುವಿನಲ್ಲಿ ಬಲೆ ಒಣಹಾಕುತ್ತಿದ್ದ ಒಬ್ಬ ಮುದುಕರ ಕಾಲಬುಡಕ್ಕೆ ಹೋಗಿ ನಿಂತಿತು. ಕಾಕು ಓಟ ನಿಲ್ಲಿಸಿದರು. ಅವರ ಮುಖ ನೋಡಿದ ಕೂಡಲೇ ಆ ಮುದುಕರು ಯಾರೆಂದು ನನಗೆ ತಿಳಿಯಿತು.

ಮಾವ ಮಗಳನ್ನು ನೋಡಿದರು, ತೊಯ್ದು ತೊಪ್ಪೆಯಾದ ಅಳಿಯನನ್ನು ನೋಡಿದರು. ದೋಣಿಯನ್ನು ಮೇಲೆಳೆದು ಬೋರಲು ಹಾಕಿ ಹೊಲಿಗೆಯ ಗುಂಟ ಹೆಬ್ಬೆರಳಿನ ಉಗುರು ಎಳೆಯುತ್ತ ಹೋದರು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ನನಗೆ ಪರೀಕ್ಷೆಯ ಪೇಪರು ತಿದ್ದುವುದನ್ನು ಎದುರಿಗೆ ನಿಂತು ನೋಡಿದ ಹಾಗಿತ್ತು. ಕಡೆಗೆ ಕೊಂಕಣಿಯಲ್ಲಿ ಏನೋ ಅಂದರು.

"ಏನಂದ್ರು?" ಎಂದು ಕಾಕಾ ಮೆಲ್ಲಗೆ ಕೇಳಿದರು.

"ದೋಣಿಗೆ ಮಾವನ ಮನಿ ಗೊತ್ತೈತಂತ, ನಿಮಗ ಗೊತ್ತಿಲ್ಲಂತ" ಎಂದರು ಕಾಕು.

ಮಾವ ಬಾಗಿಲು ತೋರಿಸಿ "ಯೋ, ಬಸ" ಎಂದರು. ಬಾ, ಕೂತುಕೋ ಎಂದು. ಅಷ್ಟು ಕೊಂಕಣಿ ನನಗೂ ಅರ್ಥವಾಯಿತು. ಆದರೆ ಕಾಕಾ ಅಲ್ಲಾಡಲಿಲ್ಲ. "ಮೊದಲ ಮೀನ. ಆಕಿ ಮಾತ ಐತಿ" ಎಂದರು. ಆ ರಾತ್ರಿ ನಾವು ನಾಲ್ವರೂ ಹೊರಗಿನ ಕಟ್ಟೆಯ ಮೇಲೆಯೇ ಮಲಗಿದೆವು. ಹಟದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಗಿರಣಿಯ ಹಿಟ್ಟು.

ಬೆಳಿಗ್ಗೆ ಮಾವ ತಮ್ಮ ಪುಟ್ಟ ಮರದ ದೋಣಿಯಲ್ಲಿ ಮುಂದೆ ಹೊರಟರು, ಕಾಕಾ ತಮ್ಮ ಡಾಂಬರು ದೋಣಿಯಲ್ಲಿ ಹಿಂದೆ. ಕಾಕಾ ಜೋಳದ ಉಂಡೆ ಹಾಕಿದರು. ಮೂರು ಸಲವೂ ಉಂಡೆ ನೀರಿನಲ್ಲಿ ಕರಗಿ, ಕೊಕ್ಕೆ ತೊಳೆದಿಟ್ಟ ಹಾಗೆ ಬರಿದಾಗಿ ಬಂತಂತೆ. ಸಮುದ್ರದ ಮೀನಿಗೆ ಧಾರವಾಡದ ಜೋಳ ರುಚಿಸಲಿಲ್ಲ. ಮಾವ ಒಂದು ಹಿಡಿ ಸಿಗಡಿಯನ್ನು ಅವರ ದೋಣಿಗೆ ಎಸೆದರು. ಕಾಕಾ ಮುಖ ಆಚೆ ತಿರುಗಿಸಿ ಸಿಗಡಿಯನ್ನು ಕೊಕ್ಕೆಗೆ ಚುಚ್ಚಿದರು. ಅಲೆ ಎತ್ತಿದಾಗಲೆಲ್ಲ ದೋಣಿ ಮರೆಯಾಗುತ್ತಿತ್ತು, ನಾವು ಮೂವರು ದಂಡೆಯಲ್ಲಿ ಎದ್ದು ನಿಲ್ಲುತ್ತಿದ್ದೆವು, ಮತ್ತೆ ಕಾಣುತ್ತಿತ್ತು, ಕೂರುತ್ತಿದ್ದೆವು. ವಾಂತಿ ಮಾಡಿಕೊಂಡದ್ದೂ ಕಾಣಿಸಿತು. ಆದರೆ ಕೈಯ ಕೋಲು ಬಿಟ್ಟಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ದಂಡೆಗೆ ಬಂದರು. ಮುಖ ಬಿಳಿಚಿತ್ತು. ಕೈಯಲ್ಲಿ ಒಂದೇ ಒಂದು ಕಾಣೆ ಮೀನು, ಗೇಣಿಗಿಂತ ಸ್ವಲ್ಪ ಉದ್ದ.

ಆ ಮಧ್ಯಾಹ್ನ ಕಾಕು ಎಂಟು ವರ್ಷದ ಮೇಲೆ ತಂದೆಯ ಹೊಸ್ತಿಲು ದಾಟಿದರು. ಊಟಕ್ಕೆ ಕುಳಿತಾಗ ಮಾವ ಆ ಮೀನನ್ನು ಗೌರವದಿಂದ ಅಳಿಯನ ಎಲೆಗೇ ಬಡಿಸಲು ಹೇಳಿದರು. ಎಲ್ಲರೂ ಕೈ ತಡೆದು ನೋಡುತ್ತಿದ್ದೆವು. ಕಾಕಾ ಅದನ್ನು ಎರಡೂ ಕೈಯಿಂದ ಎತ್ತಿ, ಪಕ್ಕದಲ್ಲಿದ್ದ ಹೆಂಡತಿಯ ಎಲೆಗೆ ಇಟ್ಟು, ತಾವು ಅನ್ನಕ್ಕೆ ಮಜ್ಜಿಗೆ ಕೇಳಿದರು. ಈ ಸಲ ಯಾರೂ ನಗಲಿಲ್ಲ. ಮಾವ ತಾವೇ ಎದ್ದು ಹೋಗಿ ಮಜ್ಜಿಗೆ ತಂದು ಬಡಿಸಿದರು.

"ಹೆಂಗೈತಿ?" ಎಂದು ಕಾಕಾ ಕೇಳಿದರು.

ಕಾಕು ಒಂದು ಮುಳ್ಳನ್ನೂ ಬಿಡದೆ ಚೀಪಿ, "ಉಪ್ಪು ಸರಿ ಐತಿ" ಎಂದರು. ಕಣ್ಣೀರು ಎಲೆಯ ಮೇಲೇ ಬೀಳುತ್ತಿತ್ತು, ಉಪ್ಪು ಯಾವುದರದ್ದೋ...

ನಿವೃತ್ತಿಯಾದ ಮೇಲೆ ಕಾಕಾ ಕಾಕು ಕಾರವಾರಕ್ಕೇ ಹೋಗಿ ನೆಲೆಸಿದರು. ದೋಣಿಯ ಬಟ್ಟೆ ಎರಡು ಸಲ ಬದಲಾಯಿತು, ಎರಡು ಸಲವೂ ನಾನೇ ಹೋಗಿ ಹೊಲಿದುಕೊಟ್ಟೆ. ಮೂರನೇ ಸಲ ಕರೆ ಬಂದಾಗ ಅದು ದೋಣಿಯ ಸಲುವಾಗಿ ಆಗಿರಲಿಲ್ಲ.

ಕಾಕಾನ ಬೂದಿಯನ್ನು ನದಿಗೆ ಬಿಡುವ ದಿನ ನಾನೂ ನಮ್ಮವರೂ ಅದೇ ದಂಡೆಯಲ್ಲಿದ್ದೆವು. ಎಲ್ಲ ಸಿದ್ಧವಿತ್ತು, ಪುರೋಹಿತರು ಅವಸರ ಮಾಡುತ್ತಿದ್ದರು. ಕಾಕು ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು.

"ತಡೀರಿ, ಭರತಿ ಬರ್ಲಿ" ಎಂದರು. "ಇವ್ರು ಸಮುದ್ರಕ್ಕ ಹೋಗೂದು ಬ್ಯಾಡ. ವಾಂತಿ ಮಾಡ್ಕೋತಾರ."

ಎರಡು ತಾಸು ಕಾದೆವು. ಮರಳು ಮುಳುಗಿತು, ನದಿ ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿತು. ಆಗ ಕಾಕು ಮಡಕೆ ಬಗ್ಗಿಸಿದರು. ಅವತ್ತಿನ ಹಾಗೆಯೇ ಸಮುದ್ರಕ್ಕೆ ಬೆನ್ನು ಮಾಡಿ, ಘಟ್ಟದ ಕಡೆ ಕೈ ಚಾಚಿ, "ದಾಂಡೇಲಿಗೆ ಹೊಂಟ್ರು ನೋಡು" ಎಂದರು. ಅಷ್ಟು ಹೊತ್ತಿಗೆ ನಡುವೆ ಅಣೆಕಟ್ಟುಗಳು ಎದ್ದಿದ್ದವು. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಈಗ ಕಾಕುವೂ ಇಲ್ಲ. ಮೌಳಂಗಿಯಲ್ಲಿ ಪ್ರವಾಸಿಗಳು ಕೆಂಪು, ಹಳದಿ ಬಣ್ಣದ ಪ್ಲಾಸ್ಟಿಕ್ ದೋಣಿಗಳಲ್ಲಿ ಕಾಲು ಚಾಚಿ ಕೂತು, ಎರಡು ತುದಿಯ ಹುಟ್ಟು ಹಾಕುತ್ತ ಹೋಗುತ್ತಾರೆ. ಅದಕ್ಕೆ ಕಯಾಕ್ ಎನ್ನುತ್ತಾರಂತೆ. ಒಮ್ಮೆ ದಂಡೆಯಲ್ಲಿದ್ದ ಒಂದರ ಅಂಚಿನ ಸುತ್ತಲೂ ಬೆರಳಾಡಿಸಿ ನೋಡಿದೆ. ಎಲ್ಲೂ ಒಂದು ಹೊಲಿಗೆಯೂ ಸಿಗಲಿಲ್ಲ.

"ಕೆರದ ಬಿಡ್ಲೇನ್ರಿ ಅಜ್ಜಿ?" ರಿಪೇರಿಯವನು ಇನ್ನೊಮ್ಮೆ ಕೇಳಿದ. ಅವನ ಕೈಯಲ್ಲಿ ಆಗಲೇ ಬ್ಲೇಡಿತ್ತು.

"ಬ್ಯಾಡಪಾ, ಹಂಗ ಇರ್ಲಿ" ಎಂದು ದಬ್ಬಣವನ್ನು ಇಸಿದುಕೊಂಡೆ. ಈಗ ಅದರ ಕಣ್ಣಲ್ಲಿ ದಾರ ಹೋಗುವುದಿಲ್ಲ. ಹೊಲಿದುಕೊಡು ಎನ್ನಲು ಕಾಕಾನೂ ಬರುವುದಿಲ್ಲ. ಖಾನೆಯನ್ನು ಯಂತ್ರಕ್ಕೆ ಸೇರಿಸಿದ ಮೇಲೆ ಅದನ್ನು ಮತ್ತೆ ಒಳಗಿಟ್ಟೆ, ತೆಗೆದಾಗಲೆಲ್ಲ ಕೈಗೆ ಸಿಗುವ ಹಾಗೆ, ಮುಂದುಗಡೆಯೇ.