ಮಕ್ಕಳನ್ನು ಹುಡುಕುವ ಹೆಡ್‌ಮಾಸ್ತರು

ನಮ್ಮ ಸರ್ಕಾರಿ ಮಾಧ್ಯಮಿಕ ಶಾಲೆಯ ಹೆಡ್‌ಮಾಸ್ತರು ಬೀದಿಯಲ್ಲಿ ನಡೆಯುವಾಗ ಹಗ್ಗದ ಮೇಲೆ ಹರವಿದ ಚಿಕ್ಕ ಅಂಗಿಗಳನ್ನೇ ನೋಡುತ್ತಾರೆ. ಮಕ್ಕಳು ಇನ್ನೂ ಕಡಿಮೆಯಾದರೆ ಶಾಲೆ ಮುಚ್ಚುತ್ತದೆ ಎಂಬ ಮಾತು ಬಂದಾಗಿನಿಂದ ತೊಟ್ಟಿಲ ಕೂಸನ್ನೂ ಬಿಟ್ಟವರಲ್ಲ. "ಏನಪ್ಪಾ, ಆರನೇ ಕ್ಲಾಸು ನಮ್ಮಲ್ಲೇ ತಾನೆ?" ಎಂದು ಕೆನ್ನೆ ತಟ್ಟುತ್ತಾರೆ. "ಮೊದ್ಲು ಹಲ್ಲು ಬರ್ಲಿ ಬಿಡಿ ಮೇಷ್ಟ್ರೇ" ಎಂದು ತಾಯಂದಿರು ನಗುತ್ತಾರೆ. "ಬರ್ಲಿ ತಾಯಿ, ರಿಸಲ್ಟಲ್ಲಿ ನಾವೇನು ಕಮ್ಮಿಯಿಲ್ಲ" ಎಂದು ಅವರೂ ನಗುತ್ತಾರೆ. ದಿನವೂ ಎಲ್ಲರಿಗಿಂತ ಮೊದಲು ಶಾಲೆಗೆ ಬಂದು, ಮಕ್ಕಳಿಲ್ಲದೆ ಬೀಗ ಬಿದ್ದ ಕೋಣೆಯನ್ನು ತೆರೆದು, ಕಪ್ಪುಹಲಗೆ ಒರೆಸಿ ಅಂದಿನ ತಾರೀಖು ಬರೆಯುತ್ತಾರೆ. ಎಳೆಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿರುತ್ತದೆ. "ಇದು ಯಾರಿಗೆ ಸಾರ್?" ಎಂದು ಹೊಸ ಟೀಚರಾದ ನಾನು ಒಮ್ಮೆ ಕೇಳಿದೆ. ಅವರು ಖಾಲಿ ಬೆಂಚುಗಳತ್ತ ನೋಡುತ್ತಾ ಮೆಲ್ಲಗೆ ಹೇಳಿದರು: "ಯಾರಾದ್ರೂ ಬಂದ್ರೆ, ಹಳೇ ತಾರೀಖು ನೋಡಿ, ತಡವಾಯ್ತೇನೋ ಅಂದ್ಕೊಂಡು ವಾಪಸ್ ಹೋಗ್ಬಾರ್ದಲ್ಲಮ್ಮ."