ಬೇರೆ ಗಡಿಗೆಯ ಕೊಸರು

ವಡಗೇರಾದಿಂದ ಶಹಾಪುರಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕಿತೆಂದರೆ ನಾನು ಮೊದಲು ಮಾಡುವ ಕೆಲಸ ಮೊಬೈಲ್ ತೆಗೆದು ಇಂಟರ್ನೆಟ್ಟಿನಲ್ಲಿ ನಮ್ಮ ಮೇಡಂ ಅವರ ಸಂಶೋಧನೆಯ ಪುಟ ನೋಡುವುದು. ಮಂದಿ ಹತ್ತಿಯ ಧಾರಣೆ ನೋಡುತ್ತಾರೆ, ಬಂಗಾರದ ಧಾರಣೆ ನೋಡುತ್ತಾರೆ, ನಾನು ಸೈಟೇಶನ್ ನೋಡುತ್ತೇನೆ. ಪಕ್ಕದಲ್ಲಿ ಕೂತವರು ಕೇಳಿದರೆ ಬಿಡಿಸಿ ಹೇಳುತ್ತೇನೆ. ನಮ್ಮ ಮೇಡಂ ಬರೆದ ಪೇಪರನ್ನು ಎಲ್ಲೋ ಒಬ್ಬ ವಿಜ್ಞಾನಿ ಓದಿ, ಅದರ ಆಧಾರದ ಮೇಲೆ ತನ್ನ ಕೆಲಸ ಮಾಡಿ, ತನ್ನ ಪೇಪರಿನ ಕೊನೆಗೆ ‘ಇದನ್ನು ಇವರಿಂದ ತಿಳಿದೆ’ ಎಂದು ಬರೆದರೆ ಅದು ಒಂದು ಸೈಟೇಶನ್. ಒಮ್ಮೆ ಒಬ್ಬ ಯಜಮಾನರು ಎಲ್ಲ ಕೇಳಿಸಿಕೊಂಡು, “ಅದರಿಂದ ನಿಮಗೇನರ ಬರ್ತದೇನ್ರಿ?” ಅಂದರು. “ಏನೂ ಬರಂಗಿಲ್ರಿ” ಅಂದೆ. “ಮತ್ತ್ಯಾಕ ದಿನಾ ನೋಡ್ತೀರಿ?” ಎಂದರು. ನನಗೆಷ್ಟು ಸಿಟ್ಟು ಬಂತೆಂದರೆ ಎದ್ದು ಶಹಾಪುರದ ತನಕ ನಿಂತೇ ಬಂದೆ. ಸೀಟು ಹೋಯಿತು, ಯಜಮಾನರು ಕಾಲು ಚಾಚಿ ಕೂತರು.

ನಾನು ಶಹಾಪುರದಲ್ಲಿ ಮೇಡಂ ಅವರ ಪ್ರಯೋಗಾಲಯದ ಫೀಲ್ಡ್ ಅಸಿಸ್ಟೆಂಟು. ಪಿಯುಸಿ ಸೈನ್ಸ್ ಓದಿದವಳು, ಬಾಯಿ ಸ್ವಲ್ಪ ಜೋರು. ಮೇಡಂ ನನಗಿಂತ ಆರು ವರ್ಷ ಚಿಕ್ಕವರು. ಅದಕ್ಕೇ ನನ್ನನ್ನು ಅಕ್ಕಾ ಎನ್ನುತ್ತಾರೆ. ಅವರ ತಾಯಿ ತಂದೆ ಸುರಪುರದ ಆಚೆ ಮಂದಿಯ ತೊಗರಿ ಹೊಲಗಳಲ್ಲಿ ಕೂಲಿ ಮಾಡಿದವರು. ತೊಗರಿಗೆ ನೆಟೆ ರೋಗ ಬಿದ್ದರೆ ಹಸಿರು ಗಿಡ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಅಂಥ ಗಿಡಗಳನ್ನು ಕಿತ್ತು ಒಲೆಗೆ ತರುವುದು ಬಾಲ್ಯದಲ್ಲಿ ಅವರ ಪಾಲಿನ ಕೆಲಸವಾಗಿತ್ತಂತೆ. ಒಂದು ಸಾಲಿನಲ್ಲಿ ಹತ್ತು ಸತ್ತು ಒಂದು ಯಾಕೆ ಬದುಕಿತು ಎಂದು ಆಗ ಹುಟ್ಟಿದ ಪ್ರಶ್ನೆಯನ್ನೇ ಹಿಡಿದು ಡಾಕ್ಟರೇಟ್ ಮಾಡಿ, ಮತ್ತೆ ಇಲ್ಲಿಗೇ ಬಂದರು. ಎಲೆ ಅರೆದು, ಅದರಿಂದ ಡಿಎನ್ಎ ತೆಗೆದು, ಬದುಕುವ ಗಿಡಗಳಲ್ಲಿ ಮಾತ್ರ ಇರುವ ಗುರುತನ್ನು ಹುಡುಕುವುದು ಅವರ ಕೆಲಸ. ಮೇಜಿನ ಮೇಲೆ ಅಂಗೈ ಅಗಲದ ಬುದ್ಧ, ಅದರ ಪಕ್ಕ ಒಂದು ದಪ್ಪ ನೋಟ್‌ಬುಕ್ಕು.

ಆ ನೋಟ್‌ಬುಕ್ಕಿಗೆ ಒಂದು ಕಾನೂನಿತ್ತು. ತಪ್ಪು ಬರೆದರೆ ಅಳಿಸುವಂತಿಲ್ಲ, ಗೀಚುವಂತಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು, ಕೆಳಗಿನ ತಪ್ಪು ಓದಲು ಬರಬೇಕು. ಮಷೀನು ಓಡುತ್ತಿರುವಾಗ ನಡುವೆ ಕರೆಂಟು ಹೋಗಿ ಇಡೀ ದಿನದ ಕೆಲಸ ಹಾಳಾದರೆ ನಾನು ಕರೆಂಟಿನವರ ಮೂರು ತಲೆಮಾರನ್ನು ಬಯ್ಯುತ್ತಿದ್ದೆ. ಅವರು ಆ ದಿನದ ಸಾಲಿಗೆ ಒಂದು ಗೆರೆ ಎಳೆದು, “ಅಕ್ಕಾ, ಎಲಿ ಇನ್ನೂ ಉಳದಾವೇನು?” ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಇಂಥ ತಾಳ್ಮೆ ನಾನು ಎಲ್ಲೂ ಕಂಡಿಲ್ಲ.

ಹಳೆಯ ಮನೆಗಳಲ್ಲಿ ಕಾಪಾಡಿದ ತೊಗರಿ ಬೀಜ ಸಂಗ್ರಹಿಸಲು ಮೇಡಂ ನನ್ನನ್ನು ಊರೂರಿಗೆ ಕಳಿಸುತ್ತಿದ್ದರು. ದೇವಾಪುರದಲ್ಲಿ ಒಬ್ಬ ವಯಸ್ಸಾದ ಆಯಿ ಇದ್ದರು. ಅವರ ಹೊಲದ ತೊಗರಿ ನೆಟೆಗೆ ಸಾಯುವುದಿಲ್ಲ ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಮೇಡಂಗೆ ಪರೀಕ್ಷೆಯ ಡ್ಯೂಟಿ ಇದ್ದದ್ದರಿಂದ ಆ ದಿನ ನಾನೊಬ್ಬಳೇ ಹೋದೆ. ಆಯಿ ಗಡಿಗೆಯಿಂದ ಬೀಜ ತೆಗೆದು ಸೇರಿನಲ್ಲಿ ಅಳೆದು ನನ್ನ ಚೀಲಕ್ಕೆ ಸುರಿದರು. ನಾನು ಚೀಟಿ ಬರೆಯುತ್ತ ಕೂತಿದ್ದೆ. ಸಂತೆಯ ರೂಢಿ ನಾಲಿಗೆಗೆ ಅಂಟಿರುತ್ತದಲ್ಲ, ತಲೆ ಎತ್ತದೆಯೇ, “ಕೊಸರು ಹಾಕಬೇ ಆಯಿ” ಅಂದೆ. ಅಳತೆ ಮುಗಿದ ಮೇಲೆ ಪ್ರೀತಿಗೆಂದು ಮೇಲಿಂದ ಹಾಕುವ ಮುಷ್ಟಿಯೇ ಕೊಸರು. ಅದನ್ನು ಕೇಳದೆ ಎದ್ದು ಬಂದರೆ ನಮ್ಮ ಕಡೆ ವ್ಯವಹಾರ ಮುಗಿದಂತೆಯೇ ಅಲ್ಲ. ಆಯಿ ನಕ್ಕು ಎರಡು ಮುಷ್ಟಿ ಹಾಕಿದರು. ನಾನು ಚೀಟಿಯ ಮೇಲೆ ‘ದೇವಾಪುರ, ಒಂದು ಮನೆ, ಒಂದು ಗಡಿಗೆ’ ಎಂದು ಬರೆದೆ.

ಆ ಚೀಲವೇ ನಮ್ಮ ದೊಡ್ಡ ಪೇಪರಾಯಿತು. ರೋಗದ ಮಣ್ಣಿನಲ್ಲಿ ಬಿತ್ತಿದರೂ ಗಿಡಗಳು ಬದುಕಿದವು. ಬಹಳಷ್ಟರಲ್ಲಿ ಮೇಡಂ ಹುಡುಕುತ್ತಿದ್ದ ಗುರುತಿತ್ತು. ಆದರೆ ಕೆಲವು ಗಿಡಗಳಲ್ಲಿ ಗುರುತೇ ಇರಲಿಲ್ಲ, ಆದರೂ ಬದುಕಿದ್ದವು. ಹಾಗಾದರೆ ಈ ಒಂದೇ ತಳಿಯಲ್ಲಿ ರೋಗ ತಡೆಯುವ ಎರಡನೆಯ ಶಕ್ತಿಯೂ ಅಡಗಿದೆ ಎಂದು ಪೇಪರು ಹೇಳಿತು. ಅದನ್ನು ಓದಿದವರು ಓದಿದರು, ಬರೆದವರು ಬರೆದರು. ಸೈಟೇಶನ್ ನೂರು ದಾಟಿದ ದಿನ ನಾನು ಮಿರ್ಚಿ ಭಜಿ ತಂದು ಇಡೀ ವಿಭಾಗಕ್ಕೆ ಹಂಚಿದೆ. ಮೇಡಂ ಒಂದು ಭಜಿ ತಿಂದು, “ಯಾತಕ್ಕಕ್ಕಾ ಇದು?” ಅಂದರು. ತಮ್ಮ ಲೆಕ್ಕವನ್ನು ಅವರು ಒಂದು ದಿನವೂ ಕೇಳಿದವರಲ್ಲ.

ಆರು ವರ್ಷದ ಮೇಲೆ ದೂರದ ಊರಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯಿಂದ ಪತ್ರ ಬಂತು. ನಮ್ಮ ಪೇಪರನ್ನು ನಂಬಿ ಅವಳು ಆ ಎರಡನೆಯ ಶಕ್ತಿಯನ್ನು ಹುಡುಕುತ್ತಿದ್ದಳು. ಹಿಂದೆ ಅವಳು ಕೇಳಿದಾಗ ನಾವು ಕಳಿಸಿದ್ದ ಬೀಜದಲ್ಲಿ ಅದು ಸಿಕ್ಕಿರಲಿಲ್ಲ. ನಾವು ಕಳಿಸಿದ್ದಾದರೂ ಗುರುತಿದ್ದ ಒಂದು ಗಿಡದಿಂದ ಬೆಳೆಸಿದ ಬೀಜ. ‘ಬಹುಶಃ ನನ್ನ ಕೈಯಲ್ಲೇ ದೋಷವಿದೆ, ಈ ಕೆಲಸ ನನಗೆ ಆಗುವುದಲ್ಲ ಎನಿಸುತ್ತಿದೆ. ಕೊನೆಯ ಸಲ ಪ್ರಯತ್ನಿಸುತ್ತೇನೆ, ಮೂಲ ಮನೆಯ ಬೀಜ ಸಿಗಬಹುದೇ?’ ಎಂದು ಬರೆದಿದ್ದಳು. ಮೇಡಂ ಪತ್ರವನ್ನು ಎರಡು ಸಲ ಓದಿ, “ನಾಳೆನೇ ದೇವಾಪುರಕ್ಕ ಹೋಗಿ ಬಾ ಅಕ್ಕಾ” ಅಂದರು.

ಆಯಿ ಇನ್ನೂ ಗಟ್ಟಿಯಾಗಿದ್ದರು. ಚಹಾ ಕೊಟ್ಟು, ಅದೇ ಗಡಿಗೆ, ಅದೇ ಸೇರು ತಂದರು. ಅಳೆದರು. ಆಮೇಲೆ ನಾನು ಕೇಳುವ ಮೊದಲೇ ಮೊಣಕಾಲು ಹಿಡಿದು ಎದ್ದು, ಒಳಗಿನ ಮೂಲೆಯ ಸಣ್ಣ ಗಡಿಗೆಯ ಮುಚ್ಚಳ ತೆಗೆದು ಮುಷ್ಟಿ ತುಂಬಿಕೊಂಡು ಬಂದರು.

“ಆಯಿ, ಅದ್ಯಾಕ ಬ್ಯಾರೆ ಗಡಿಗ್ಯಾಗಿಂದು?”

“ಅಳತಿ ಈ ಮನೀದು ಯವ್ವಾ, ಕೊಸರು ನಂದು. ಇದು ನನ್ನ ತವರಮನಿ ಬೀಜ, ನಾರಾಯಣಪುರದ ಕಡೀದು. ಹೋದಸಲನೂ ಇದರಾಗಿಂದೇ ಹಾಕಿದ್ನಲ್ಲ, ಮರ್ತಿಯೇನು? ನೀನೇ ಕೇಳಿದ್ದಿ.”

ಒಂದೇ ತಳಿಯಲ್ಲಿ ಎರಡು ಶಕ್ತಿ ಇರಲೇ ಇಲ್ಲ. ಎರಡು ಗಡಿಗೆಯ ಎರಡು ತಳಿ ನನ್ನ ಚೀಲದಲ್ಲಿ ಬೆರೆತಿದ್ದವು. ನಾನು ಬಾಯಿಬಿಟ್ಟು ಕೇಳಿದ ಕೊಸರು ಪೇಪರಿನ ತುಂಬ ಕೂತಿತ್ತು. ಜಗತ್ತಿನಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ. ಮೇಡಂ ಅವರಿಗೆ ಪ್ರೊಫೆಸರ್ ಹುದ್ದೆಯ ಸಂದರ್ಶನ ಎರಡು ತಿಂಗಳಲ್ಲಿತ್ತು, ಮತ್ತು ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಇದೇ ಪೇಪರು. ಎರಡೂ ಗಡಿಗೆಯ ಬೀಜವನ್ನು ಬೇರೆ ಬೇರೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಆ ದಿನ ಮೊಬೈಲ್ ತೆಗೆಯಲಿಲ್ಲ.

ಮೇಡಂಗೆ ದೊಡ್ಡ ಗಡಿಗೆಯ ಬೀಜವನ್ನಷ್ಟೇ ಕೊಟ್ಟು, ಮೂರು ದಿನ ಉಳಿದದ್ದು ಹೇಳಲಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ, ಒಂದು ಬೀಕರ್ ಒಡೆದೆ. ನಾಲ್ಕನೆಯ ದಿನ ಮೇಡಂ ಆ ಹುಡುಗಿಗೆ ಕಳಿಸಲು ಪೊಟ್ಟಣದ ಮೇಲೆ ವಿಳಾಸ ಬರೆಯುತ್ತ ಕೂತದ್ದು ನೋಡಿ ತಡೆಯಲಾಗಲಿಲ್ಲ.

“ಮೇಡಂ, ಗಲತ್ ಆಗ್ಯದ್ರಿ. ನನ್ನಿಂದ” ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಬಯ್ಯಲಿ, ಬಯ್ಯಲಿ ಎಂದು ನಾನು ಕಾಯುತ್ತಿದ್ದೆ. ಕೊನೆಗೆ ಕೇಳಿದರು, “ಎಷ್ಟು ಮುಷ್ಟಿ ಹಾಕಿದ್ಲು ಆಯಿ?”

“ಎರಡ್ರಿ.”

“ಆಕಿ ಮುಷ್ಟಿ ದೊಡ್ಡದೋ ಸಣ್ಣದೋ?”

“ಸಣ್ಣದ್ರಿ. ಮುದುಕಿ ಕೈ.”

ಪೊಟ್ಟಣದಿಂದ ಬೀಜ ಸುರಿದು, ಸಣ್ಣ ಮುಷ್ಟಿ ಮಾಡಿ ಅಳೆದರು, ತೂಗಿದರು, ಹಳೆಯ ನೋಟ್‌ಬುಕ್ಕು ತೆಗೆದು ಲೆಕ್ಕ ಹಾಕಿದರು. ಗುರುತಿಲ್ಲದ ಗಿಡಗಳು ಎಷ್ಟು ಪಾಲು ಇದ್ದವೋ ಎರಡು ಮುಷ್ಟಿ ಕೊಸರು ಚೀಲದಲ್ಲಿ ಸುಮಾರು ಅಷ್ಟೇ ಪಾಲು. “ಬರೋಬ್ಬರಿ ಕೂಡ್ತದ ಅಕ್ಕಾ!” ಎಂದು ತಲೆ ಎತ್ತಿದಾಗ ಆ ಮುಖದಲ್ಲಿ, ದೇವರಾಣೆ, ಸಂತೋಷವಿತ್ತು. ತನ್ನ ಗೋಡೆ ಬಿದ್ದರೂ ಇಟ್ಟಿಗೆ ಯಾಕೆ ಸಡಿಲಾಯಿತೆಂದು ತಿಳಿದು ಖುಷಿಪಡುವ ಮನುಷ್ಯರು ಇರುತ್ತಾರೆ ಎಂದು ನನಗೆ ಆ ದಿನದ ತನಕ ಗೊತ್ತಿರಲಿಲ್ಲ.

ಆಮೇಲೆ ಅವರ ಮುಖ ಇಳಿಯಿತು. “ಆ ಹುಡುಗಿ ಪಾಪ, ಇಲ್ಲದ್ದನ್ನ ಹುಡುಕಾಕತ್ಯಾಳ. ತನ್ನ ಕೈ ಸರಿ ಇಲ್ಲ ಅಂದ್ಕೊಂಡಾಳ” ಅಂದರು.

ಎರಡೂ ಗಡಿಗೆಯ ಬೀಜ ಮೊಳಕೆ ಬರಿಸಿ ಎಲೆ ಪರೀಕ್ಷಿಸಿದೆವು. ದೊಡ್ಡ ಗಡಿಗೆಯ ಎಲ್ಲದರಲ್ಲೂ ಗುರುತಿತ್ತು, ಸಣ್ಣದರಲ್ಲಿ ಒಂದರಲ್ಲೂ ಇಲ್ಲ. ಮೇಡಂ ಒಂದು ಪುಟದ ತಿದ್ದುಪಡಿ ಬರೆದರು. ಪತ್ರಿಕೆಗೆ ಕಳಿಸುವ ಹಿಂದಿನ ದಿನ ವಿಭಾಗದ ಹಿರಿಯರೊಬ್ಬರು ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಮನಸ್ಸು ಕೆಟ್ಟದ್ದೇನಲ್ಲ.

“ಇಂಟರ್‌ವ್ಯೂ ಮುಗೀಲಿ, ಆಮ್ಯಾಲ ಕಳಸ್ರಿ. ಈಗ ನಿಮಗ ಯಾರು ಕೇಳ್ಯಾರ್ರಿ?”

“ಆ ಹುಡುಗಿ ಕೇಳ್ಯಾಳಲ್ರಿ ಸರ್” ಅಂದರು ಮೇಡಂ.

ನಾನೂ ಜಗಳ ತೆಗೆದೆ. ತಪ್ಪು ನನ್ನದು, ನನ್ನ ಹೆಸರು ಹಾಕಿ ಈಕಿಯಿಂದಲೇ ಆಯಿತೆಂದು ಬರೀರಿ ಎಂದೆ. “ಚೀಲಕ್ಕ ನಂಬರ್ ಕೊಟ್ಟಾಕಿ ನಾ. ಬೀಜ ಹೆಂಗ ಅಳದು ಕೊಟ್ರು ಅಂತ ಕೇಳಬೇಕಾದಾಕಿ ನಾ. ನಾನೂ ಇದೇ ಸೀಮ್ಯಾಗ ಹುಟ್ಟೀನಿ, ಕೊಸರು ನನಗೇನು ಗೊತ್ತಿರಲಿಲ್ಲೇನು?” ಎಂದು ಮೇಡಂ ನನ್ನ ಬಾಯಿ ಮುಚ್ಚಿಸಿದರು. ತಿದ್ದುಪಡಿಯಲ್ಲಿ ‘ಹೊಣೆ ಮೊದಲ ಲೇಖಕಿಯದು’ ಎಂದಷ್ಟೇ ಇತ್ತು. ಆ ದಿನವೇ ಎರಡೂ ಬೀಜವನ್ನು ಬೇರೆ ಬೇರೆ ಪೊಟ್ಟಣದಲ್ಲಿ, ನಡೆದದ್ದನ್ನೆಲ್ಲ ಬರೆದ ಪತ್ರದ ಜೊತೆ ಹುಡುಗಿಗೆ ಕಳಿಸಿದೆವು. ತಲುಪಿತು, ಧನ್ಯವಾದ ಎಂದು ಎರಡು ಸಾಲು ಬಂತು, ಮತ್ತೇನೂ ಬರಲಿಲ್ಲ.

ಸಂದರ್ಶನದ ಅರ್ಜಿ ಟೈಪ್ ಮಾಡಿದವಳು ನಾನೇ. ‘ನಿಮ್ಮ ಅತ್ಯುತ್ತಮ ಐದು ಪ್ರಕಟಣೆಗಳು’ ಎಂಬಲ್ಲಿ ಮೊದಲನೆಯದಾಗಿ ಆ ಒಂದು ಪುಟದ ತಿದ್ದುಪಡಿ ಬರೆಸಿದರು. ಹುದ್ದೆ ಅವರಿಗೆ ಸಿಗಲಿಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ, ನನಗೆ ಹೇಳುವ ಅಗತ್ಯವೂ ಇರಲಿಲ್ಲ. ನಾನು ವಾರಗಟ್ಟಲೆ ಹಲ್ಲು ಕಡಿದೆ. ಅವರು ಮರುದಿನ ಬಂದು ಎಲೆ ಅರೆಯುತ್ತ ಕೂತಿದ್ದರು.

ಒಂದು ಮಾತ್ರ ಬದಲಾಯಿತು. ಎಂದೂ ಲೆಕ್ಕ ಕೇಳದವರು ಸೋಮವಾರ ಬಂತೆಂದರೆ, ತಲೆ ತಗ್ಗಿಸಿಕೊಂಡೇ ಕೇಳುತ್ತಿದ್ದರು: “ಅಕ್ಕಾ, ಆ ತಿದ್ದುಪಡಿಗೆ ಏನರ ಬಂತೇನು?” ಹುಡುಗಿ ಕೆಲಸ ಬಿಟ್ಟಳೋ ಉಳಿದಳೋ ಎಂಬುದೇ ಅವರ ಪ್ರಶ್ನೆ ಎಂದು ನನಗೆ ತಿಳಿಯುತ್ತಿತ್ತು. ಪತ್ರ ಬರೆದು ಕೇಳಿದರೆ ಅವಳಿಗೆ ನೋವಾದೀತೆಂದು ಬರೆಯಲೊಲ್ಲರು. ಪುಟದಲ್ಲಿ ತಿದ್ದುಪಡಿಯ ಸಾಲಿನ ಮುಂದೆ ಖಾಲಿ ಇರುತ್ತಿತ್ತು. “ಇಲ್ರಿ ಮೇಡಂ” ಎನ್ನುತ್ತಿದ್ದೆ. ಹೀಗೆ ಮೂರು ಮಳೆಗಾಲ ಹೋದವು.

ಈ ವರ್ಷ ಒಂದು ಬೆಳಿಗ್ಗೆ ಬಸ್ಸು ಶಹಾಪುರ ಮುಟ್ಟುವ ಹೊತ್ತಿಗೆ ಆ ಸಾಲಿನ ಮುಂದೆ 1 ಎಂದು ಇತ್ತು. ಒತ್ತಿ ನೋಡಿದೆ. ಅವಳದೇ ಹೆಸರು. ಸ್ಟ್ಯಾಂಡಿನಿಂದ ಓಡಿದೆ. ನನ್ನ ವಯಸ್ಸಿಗೆ ಅದು ಶೋಭೆಯಲ್ಲ, ಕಿರಾಣಿ ಅಂಗಡಿಯವರು ಎದ್ದು ನಿಂತು ನೋಡಿದರು.

ಮೇಡಂ ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸದಲ್ಲಿದ್ದರು. ಮೊಬೈಲನ್ನು ಅವರ ಮುಖದ ಮುಂದೆ ಹಿಡಿದೆ. ನಿಂತಲ್ಲೇ ಓದಿದರು.

“ಏನಂತ ಬರ್ದಾಳ್ರಿ? ಬೈದಾಳೇನು?”

“ಎರಡೂ ಗಡಿಗಿ ಬೀಜ ಕೂಡಿಸಿ ತಳಿ ಎಬ್ಬಿಸ್ಯಾಳಕ್ಕಾ. ಎರಡೂ ಶಕ್ತಿ ಈಗ ಒಂದೇ ಗಿಡದಾಗ ಅದಾವ. ನಾವು ಗಲತ್ ಬರ್ದಿದ್ದನ್ನ ಆಕಿ ಖರೇ ಮಾಡ್ಯಾಳ.”

ಗ್ಲೌಸ್ ತೆಗೆದು ಸ್ಟೂಲಿನ ಮೇಲೆ ಕೂತರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಆಗಲೇ. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು ಹೇಳಿದರು:

“ನೋಡಕ್ಕಾ, ಆಕಿ ಕೈ ಸರಿನೇ ಇದ್ವು.”